ಇಂಟರ್ನೆಟ್ಟಿನ ಗ್ರಾಮಸಭೆಯಲ್ಲಿ ನಮ್ಮ ಕುರ್ಚಿ ಎಲ್ಲಿ?

ಓದುಗರು ನಮ್ಮ ವಾಟ್ಸ್‌ಆ್ಯಪ್ ನಂಬರಿಗೆ ಊರಿನ ಸುದ್ದಿಗಿಂತ ಹೆಚ್ಚಾಗಿ ಲಿಂಕುಗಳನ್ನೇ ಕಳಿಸುತ್ತಾರೆ. ಕುಂದಗೋಳ, ಕಲಘಟಗಿ, ನವಲಗುಂದ, ಅಣ್ಣಿಗೇರಿ, ಎಲ್ಲ ಕಡೆಯಿಂದ ಬರುವ ಪ್ರಶ್ನೆ ಒಂದೇ: "ಇದು ಖರೇ ಬ್ಯಾಂಕಿಂದ ಐತೇನ್ರಿ? ಒತ್ತಬಹುದಾ?"

ಧಾರವಾಡದಲ್ಲಿ ಮುಖ್ಯ ಕಚೇರಿ ಇದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಂದು ವಿಲೀನಗೊಂಡು, ಬಳ್ಳಾರಿ ಕೇಂದ್ರದ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆದಮೇಲೆ ಈ ಪ್ರಶ್ನೆ ಇನ್ನೂ ಜಾಸ್ತಿಯಾಗಿದೆ. ಬೋರ್ಡು ಬದಲಾಯ್ತು, ಆ್ಯಪ್ ಬದಲಾಯ್ತು, ವೆಬ್ ವಿಳಾಸವೂ ಬದಲಾಯ್ತು. ಪಾಸ್‌ಬುಕ್ಕಿನಲ್ಲಿ ಒಂದು ಹೆಸರು, ಫೋನಿನಲ್ಲಿ ಇನ್ನೊಂದು. ಮೋಸಗಾರರಿಗೆ ಇದಕ್ಕಿಂತ ಒಳ್ಳೆಯ ಹಂಗಾಮು ಬೇಕೆ?

ಮೊದಲು ಉಪಯೋಗದ ಮಾತು ಹೇಳಿಬಿಡುತ್ತೇವೆ. ವೆಬ್ ವಿಳಾಸವನ್ನು ಎಲ್ಲರೂ ಎಡದಿಂದ ಓದುತ್ತಾರೆ, ಆದರೆ ಅದರ ಮನೆತನ ಇರುವುದು ಬಲತುದಿಯಲ್ಲಿ. ಹೆಸರು ಮುಗಿದು ಮೊದಲ ಓರೆಗೆರೆ ಎಲ್ಲಿ ಬರುತ್ತದೋ ಅಲ್ಲಿಂದ ಹಿಂದಕ್ಕೆ ಓದಿ. 'ಎಸ್‌ಬಿಐ ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಅಲ್ಲಿಗೇ ಮುಗಿದರೆ ಅದು ಬ್ಯಾಂಕಿನದು. ಅದರ ಮುಂದೆ ಮತ್ತೊಂದು ಚುಕ್ಕೆ, ಯಾವುದೋ ಹೆಸರು, ಆಮೇಲೆ 'ಡಾಟ್ ಕಾಮ್' ಅಂತ ಇದ್ದರೆ ಅದು ಆ ಯಾವುದೋ ಹೆಸರಿನವನ ಮನೆ. ಹೊಸ್ತಿಲಿಗೆ ಬ್ಯಾಂಕಿನ ಹೆಸರು ಬರೆದಿದ್ದಾನೆ, ಅಷ್ಟೇ. ಎಲ್ಲ ಬ್ಯಾಂಕುಗಳೂ 2025ರ ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ವಿಳಾಸಕ್ಕೆ ಬರಬೇಕು ಎಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ಬ್ಯಾಂಕುಗಳಿಗೆ ಬಿಟ್ಟು ಬೇರೆ ಯಾರಿಗೂ ಆ ಬಾಲದ ಹೆಸರು ಸಿಗುವುದಿಲ್ಲ. ಒಳ್ಳೆಯ ತೀರ್ಮಾನವೇ. ಆದರೆ ಅದನ್ನು ಕನ್ನಡದಲ್ಲಿ ಬರೆದು ಅಂಟಿಸಿದ ಒಂದು ಹಾಳೆಯೂ ನಾವು ಹೋದ ಹಳ್ಳಿ ಶಾಖೆಗಳಲ್ಲಿ ಕಾಣಲಿಲ್ಲ.

ಇಲ್ಲಿಂದ ನಮ್ಮ ತಲೆಗೆ ಹೊಕ್ಕ ಪ್ರಶ್ನೆ ಬೇರೆ. ಈ ಬಾಲದ ಹೆಸರುಗಳನ್ನು ಹಂಚುವವರು ಯಾರು? ಡಾಟ್ ಇನ್ ಯಾರ ಕೈಯಲ್ಲಿದೆ, ಡಾಟ್ ಕಾಮ್ ಯಾರದು, ಕನ್ನಡದಲ್ಲಿ ಬರೆಯುವ ಡಾಟ್ ಭಾರತಕ್ಕೆ ನಿಯಮ ಬರೆದವರು ಯಾರು? ಆ ಸಭೆಯಲ್ಲಿ ನಿಮ್ಮಂಥ, ನಮ್ಮಂಥ ಬಿಡಿ ಮನುಷ್ಯರ ಪರವಾಗಿ ಯಾರಾದರೂ ಕೂತಿದ್ದಾರಾ?

ವಿದ್ಯಾನಗರದಲ್ಲಿ ಕೋಣೆ ಹಿಡಿದು ಓದಿದವರಿಗೆ ಈ ವ್ಯವಸ್ಥೆ ಬೇಗ ತಿಳಿಯುತ್ತದೆ. ಮನೆ ಮಾಲೀಕರು ಎಲ್ಲೋ ಇರುತ್ತಾರೆ, ಬಾಡಿಗೆ ವಸೂಲಿಗೆ ಬರುವವರು ಇನ್ನೊಬ್ಬರು, ನಡುವೆ ಒಬ್ಬ ಏಜೆಂಟು. ವೆಬ್ ಹೆಸರನ್ನೂ ಯಾರೂ ಕೊಳ್ಳುವುದಿಲ್ಲ, ವರ್ಷದ ಲೆಕ್ಕದಲ್ಲಿ ಬಾಡಿಗೆ ಹಿಡಿಯುತ್ತಾರೆ. ಎಲ್ಲಕ್ಕೂ ಮೇಲೆ ಬೇರು ಇದೆ, ರೂಟ್ ಎನ್ನುತ್ತಾರೆ. ಅದರ ನೀತಿ ನೋಡಿಕೊಳ್ಳುವುದು 1998ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಐಕ್ಯಾನ್ ಎಂಬ ಲಾಭರಹಿತ ಸಂಸ್ಥೆ. ಭಾರತದ ಡಾಟ್ ಇನ್ ಹೆಸರುಗಳನ್ನು 2005ರಿಂದ ನಡೆಸುವುದು ದೆಹಲಿಯ ನಿಕ್ಸಿ. ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯದ ಅಡಿಯಲ್ಲಿ ಅದು 2003ರಲ್ಲಿ ಶುರುವಾಯಿತು. ಇವರ ಕೆಳಗೆ ಹೆಸರು ಮಾರುವ ಕಂಪನಿಗಳು. ನಮ್ಮ ಬ್ಲಾಗಿನ ಹೆಸರನ್ನು ಅಂಥ ಒಂದು ಕಂಪನಿ ಮೊದಲ ವರ್ಷ ಚಹಾ-ಮಿರ್ಚಿ ದರದಲ್ಲಿ ಕೊಟ್ಟಿತು. ಎರಡನೇ ವರ್ಷ ನವೀಕರಣದ ಬಿಲ್ಲು ನೋಡಿ ನಾವು ಏಳು ಮಂದಿ ವಂತಿಗೆ ಹಾಕಬೇಕಾಯ್ತು. ದೂರು ಕೊಟ್ಟರೆ ಬಂದದ್ದು ಇಂಗ್ಲಿಷಿನ ತಯಾರಿ ಉತ್ತರ. ಅದರ ಮೇಲಿನವರು ಯಾರು ಎಂದು ಹುಡುಕುತ್ತ ಹೋಗಿಯೇ ಈ ಲೇಖನ ಹುಟ್ಟಿದ್ದು.

"ಊರಾಗ ನಳಕ್ಕ ನೀರಿಲ್ಲ, ಬೆಳೆ ವಿಮೆ ರೊಕ್ಕ ಬಂದಿಲ್ಲ, ನೀವು ಡಾಟ್ ಹಿಂದ ಬಿದ್ದೀರಿ" ಎಂದು ನಮ್ಮ ಹಿರಿಯ ಓದುಗರೊಬ್ಬರು ಬೈದರು. ಮಾತು ನ್ಯಾಯದ್ದೇ. ಆದರೆ ಕಾಕಾ, ಬೆಳೆ ವಿಮೆಗೆ ಅರ್ಜಿ ಹಾಕುವ ಸಂರಕ್ಷಣೆ ಪೋರ್ಟಲ್, ಪಹಣಿ ತೆಗೆಯುವ ಭೂಮಿ, ಜಾತಿ-ಆದಾಯ ಪ್ರಮಾಣಪತ್ರದ ಸೇವಾ ಕೇಂದ್ರ, ಎಲ್ಲದರ ಬಾಗಿಲಿಗೂ ಈಗ ಒಂದು ವೆಬ್ ಹೆಸರೇ ಇರುವುದು. ಆ ಹೆಸರನ್ನೇ ಹೋಲುವ ಇನ್ನೊಂದು ಬಾಗಿಲನ್ನು ಯಾರು ಬೇಕಾದರೂ ಕಟ್ಟಬಹುದೋ ಇಲ್ಲವೋ ಎಂಬುದು ಎಲ್ಲೋ ಒಂದು ಸಭೆಯಲ್ಲಿ ತೀರ್ಮಾನವಾಗುತ್ತದೆ. ಗ್ರಾಮಸಭೆಯಲ್ಲಿ ಫಲಾನುಭವಿ ಪಟ್ಟಿ ಓದುವ ಹೊತ್ತಿಗೆ ನಾವು ಹೊಲದಲ್ಲಿದ್ದರೆ ಏನಾಗುತ್ತದೆ ಎಂದು ನಿಮಗೆ ನಾವು ಹೇಳಿಕೊಡಬೇಕಿಲ್ಲ.

ಈ ಸಭೆಯಲ್ಲಿ ಒಂದು ಕಾಲಕ್ಕೆ ಸಾಮಾನ್ಯ ಜನರಿಗೆ ನೇರ ಓಟು ಇತ್ತು. ಈ ಕಥೆ ನಮಗೆ ಯಾರೂ ಪಾಠದಲ್ಲಿ ಹೇಳಲಿಲ್ಲ.

2000ನೇ ಇಸವಿಯಲ್ಲಿ ಐಕ್ಯಾನ್ ತನ್ನ ಆಡಳಿತ ಮಂಡಳಿಯ ಐದು ಸ್ಥಾನಗಳಿಗೆ ಜಗತ್ತಿನ ಇಂಟರ್ನೆಟ್ ಬಳಕೆದಾರರಿಂದ ಚುನಾವಣೆ ನಡೆಸಿತು. ಏಷ್ಯಾ, ಯುರೋಪ್, ಆಫ್ರಿಕಾ, ಲ್ಯಾಟಿನ್ ಅಮೆರಿಕ, ಉತ್ತರ ಅಮೆರಿಕ, ಒಂದೊಂದಕ್ಕೆ ಒಂದು ಸೀಟು. ಹದಿನಾರು ವರ್ಷ ತುಂಬಿ, ಒಂದು ಇಮೇಲು ಮತ್ತು ಅಂಚೆ ವಿಳಾಸ ಇದ್ದ ಯಾರಾದರೂ ಹೆಸರು ನೋಂದಾಯಿಸಬಹುದಿತ್ತು. ಗುಪ್ತ ಸಂಖ್ಯೆ ಅಂಚೆಯಲ್ಲಿ ಮನೆಗೆ ಬರುತ್ತಿತ್ತು. ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ನೋಂದಾಯಿಸಿದರು, ಅಕ್ಟೋಬರ್‌ನಲ್ಲಿ ಸುಮಾರು 34,000 ಮಂದಿ ಓಟು ಹಾಕಿದರು. ಏಷ್ಯಾ-ಪೆಸಿಫಿಕ್‌ನಿಂದ ಜಪಾನಿನ ಮಸನೊಬು ಕಾಟೊ, ಆಫ್ರಿಕಾದಿಂದ ಘಾನಾದ ನೀ ಕ್ವೇನರ್, ಯುರೋಪಿನಿಂದ ಜರ್ಮನಿಯ ಆ್ಯಂಡಿ ಮ್ಯೂಲರ್-ಮಾಗೂನ್ ಗೆದ್ದರು. ಬ್ರೆಜಿಲ್‌ನ ಇವಾನ್ ಮೌರಾ ಕಾಂಪೋಸ್ ಮತ್ತು ಅಮೆರಿಕದ ಕಾರ್ಲ್ ಆವರ್‌ಬಾಕ್ ಉಳಿದಿಬ್ಬರು.

ಈ ಆವರ್‌ಬಾಕ್ ಕಥೆ ಕೇಳಿದರೆ ನಮ್ಮ ಕಡೆಯ ಪಂಚಾಯಿತಿ ಸದಸ್ಯರಿಗೆ ತಮ್ಮದೇ ಕಥೆ ಅನ್ನಿಸುತ್ತದೆ. ಗೆದ್ದು ಹೋದ ಮನುಷ್ಯ ಮೊದಲು ಕೇಳಿದ್ದು ಸಂಸ್ಥೆಯ ಲೆಕ್ಕದ ಪುಸ್ತಕ. ಕೊಡಬೇಕಾದರೆ ಇಂತಿಂಥ ಷರತ್ತಿಗೆ ಸಹಿ ಹಾಕು ಎಂದರು. ಚುನಾಯಿತ ನಿರ್ದೇಶಕನಿಗೆ ಷರತ್ತು ಯಾಕೆ ಎಂದು ಆತ ಲಾಸ್ ಏಂಜಲೀಸ್‌ನ ಕೋರ್ಟಿಗೆ ಹೋದ. 2002ರ ಜುಲೈನಲ್ಲಿ ಕೋರ್ಟು ಆತನ ಪರವಾಗಿಯೇ ತೀರ್ಪು ಕೊಟ್ಟಿತು. ಪಿಡಿಒ ಹತ್ತಿರ ಕ್ಯಾಶ್‌ಬುಕ್ ಕೇಳಿ, ಕೊನೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ ಸದಸ್ಯರನ್ನು ನಾವು ನೋಡಿದ್ದೇವೆ. ಜಗತ್ತಿನ ಎಲ್ಲ ಕಡೆ ಪುಸ್ತಕ ಒಂದೇ ಕಪಾಟಿನಲ್ಲಿ ಇರುತ್ತದೆ ಅಂತ ಕಾಣುತ್ತದೆ.

ಅಷ್ಟರಲ್ಲಿ ಚುನಾವಣೆಯನ್ನೇ ತೆಗೆದುಹಾಕುವ ಕೆಲಸ ಶುರುವಾಗಿತ್ತು. ಖರ್ಚು ಜಾಸ್ತಿ, ಕಳ್ಳ ಓಟಿನ ಭಯ, ಯಾವುದಾದರೂ ಒಂದು ಗುಂಪು ಕೈವಶ ಮಾಡಿಕೊಂಡೀತು ಎಂಬ ಕಾರಣಗಳನ್ನು ಕೊಟ್ಟರು. ಕಾರಣಗಳಲ್ಲಿ ಹುರುಳಿಲ್ಲ ಎಂದು ನಾವು ಹೇಳುವುದಿಲ್ಲ. ಇಮೇಲ್ ಮೇಲೆ ನಡೆಯುವ ಓಟಿನಲ್ಲಿ ಒಬ್ಬನೇ ಹತ್ತು ಜನ ಆಗುವುದು ಸುಲಭ. ಆದರೆ ಕಳ್ಳ ಓಟು ಬೀಳುತ್ತದೆ ಎಂದು ನಮ್ಮೂರಲ್ಲಿ ಯಾರೂ ಪಂಚಾಯಿತಿ ಚುನಾವಣೆಯನ್ನೇ ರದ್ದು ಮಾಡಲಿಲ್ಲ, ಬೆರಳಿಗೆ ಶಾಯಿ ಹಚ್ಚಿದರು. ಐಕ್ಯಾನ್ 2002ರ ಕೊನೆಗೆ ಹೊಸ ನಿಯಮಾವಳಿ ತಂದಿತು, ನೇರ ಓಟು ಹೋಯಿತು. ಮತ್ತೆ ಬರಲಿಲ್ಲ.

ಅದರ ಬದಲಿಗೆ ಬಂದದ್ದು ಬಳಕೆದಾರರ ಸಲಹಾ ಸಮಿತಿ. ಹದಿನೈದು ಜನ. ಐದು ಖಂಡವಾರು ಸಂಘಗಳಿಂದ ಇಬ್ಬಿಬ್ಬರು, ಉಳಿದ ಐವರನ್ನು ನಾಮನಿರ್ದೇಶನ ಸಮಿತಿ ಆರಿಸುತ್ತದೆ. ನಮ್ಮ ಏಷ್ಯಾ-ಪೆಸಿಫಿಕ್ ಸಂಘ ಹುಟ್ಟಿದ್ದು 2007ರಲ್ಲಿ. 2010ರಿಂದ ಮಂಡಳಿಯ ಹದಿನಾರು ಮತಗಳಲ್ಲಿ ಒಂದು ಬಳಕೆದಾರರ ಪ್ರತಿನಿಧಿಗೆ ಸೇರಿದೆ. ಆ ಒಬ್ಬರನ್ನು ಆರಿಸುವವರು ಈ ಹದಿನೈದು ಜನ ಮತ್ತು ಐದು ಸಂಘಗಳ ಅಧ್ಯಕ್ಷರು. ಒಟ್ಟು ಇಪ್ಪತ್ತು. ಒಂದು ಕಾಲಕ್ಕೆ 34,000 ಜನ ಒತ್ತಿದ ಗುಂಡಿಯನ್ನು ಈಗ ಇಪ್ಪತ್ತು ಜನ ಒತ್ತುತ್ತಾರೆ.

ಪೂರ್ತಿ ಬರಿಗೈ ಎಂದೂ ಅಲ್ಲ. 2016ರ ಅಕ್ಟೋಬರ್ 1ರಂದು ಅಮೆರಿಕ ಸರ್ಕಾರ ಬೇರಿನ ಮೇಲಿನ ತನ್ನ ಉಸ್ತುವಾರಿಯನ್ನು ಬಿಟ್ಟುಕೊಟ್ಟಿತು. ಆಗ ಬಂದ ಹೊಸ ನಿಯಮದಲ್ಲಿ ಐದು ಗುಂಪುಗಳು ಸೇರಿ ಮಂಡಳಿಯ ನಿರ್ದೇಶಕರನ್ನು ಕೆಳಗಿಳಿಸಬಹುದು, ಬಜೆಟ್ಟು ತಿರಸ್ಕರಿಸಬಹುದು. ಆ ಐದರಲ್ಲಿ ಬಳಕೆದಾರರ ಸಮಿತಿಯೂ ಒಂದು, ಸರ್ಕಾರಗಳ ಸಮಿತಿ ಇನ್ನೊಂದು. ಅಂದರೆ ಕೋಲು ಇದೆ. ಅದನ್ನು ಹಿಡಿಯುವ ಕೈಗಳಲ್ಲಿ ಹಳ್ಳಿಯ ಕೈ ಇಲ್ಲ.

ಬಿಡಿ ಜನರ ದನಿ ಯಾವಾಗ ಕೇಳುತ್ತದೆ, ಯಾವಾಗ ಕೇಳುವುದಿಲ್ಲ ಎಂಬುದಕ್ಕೆ ಡಾಟ್ ಆರ್ಗ್ ಒಳ್ಳೆಯ ಉದಾಹರಣೆ. ನಮ್ಮ ಜಿಲ್ಲೆಯ ಎಷ್ಟೋ ಸ್ವಯಂಸೇವಾ ಸಂಸ್ಥೆಗಳ, ಟ್ರಸ್ಟುಗಳ ವಿಳಾಸ ಮುಗಿಯುವುದು ಹೀಗೇ. ಇದರ ಬಾಡಿಗೆಯನ್ನು ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಏರಿಸುವಂತಿಲ್ಲ ಎಂಬ ಮಿತಿ ಒಪ್ಪಂದದಲ್ಲಿತ್ತು. 2019ರಲ್ಲಿ ಆ ಮಿತಿ ತೆಗೆಯುವ ಮುಂಚೆ ಐಕ್ಯಾನ್ ಸಾರ್ವಜನಿಕ ಅಭಿಪ್ರಾಯ ಕೇಳಿತು. ಮೂರು ಸಾವಿರಕ್ಕೂ ಹೆಚ್ಚು ಪತ್ರ ಬಂದವು, ಬಹುಪಾಲು ಬೇಡ ಎಂದವು. ಮಿತಿ ತೆಗೆದರು. ಅದೇ ವರ್ಷ ನವೆಂಬರ್‌ನಲ್ಲಿ ಡಾಟ್ ಆರ್ಗ್ ನಡೆಸುವ ಸಂಸ್ಥೆಯನ್ನೇ ಒಂದು ಖಾಸಗಿ ಹೂಡಿಕೆ ಕಂಪನಿಗೆ 113 ಕೋಟಿ ಡಾಲರ್‌ಗೆ ಮಾರುವ ಸುದ್ದಿ ಹೊರಬಿತ್ತು. ಈ ಸಲ ಜಗತ್ತಿನ ಸಂಘ-ಸಂಸ್ಥೆಗಳು ಪತ್ರ ಬರೆದು ಸುಮ್ಮನಾಗಲಿಲ್ಲ. ಐಕ್ಯಾನ್ ಕಚೇರಿ ಮುಂದೆ ಬಂದು ನಿಂತರು, ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಕಡೆಯಿಂದಲೂ ಎಚ್ಚರಿಕೆಯ ಪತ್ರ ಹೋಯಿತು. 2020ರ ಏಪ್ರಿಲ್ 30ರಂದು ಐಕ್ಯಾನ್ ಆ ಮಾರಾಟಕ್ಕೆ ಒಪ್ಪಿಗೆ ನಿರಾಕರಿಸಿತು. ಪೆಟ್ಟಿಗೆಗೆ ಹಾಕಿದ ಚೀಟಿಗೆ ಸಿಗದ ಬೆಲೆ ಬಾಗಿಲಿಗೆ ಬಂದು ನಿಂತವರಿಗೆ ಸಿಕ್ಕಿತು. ನಮ್ಮ ತಾಲೂಕು ಕಚೇರಿಗಳ ಅನುಭವವೂ ಹೆಚ್ಚು ಬೇರೆ ಇಲ್ಲ.

ಈಗ ನಮ್ಮ ಲಿಪಿಯ ಮಾತಿಗೆ ಬರೋಣ.

ಕನ್ನಡದ ಮೊದಲ ಜಾಲತಾಣ 'ವಿಶ್ವಕನ್ನಡ'ವನ್ನು ಯು.ಬಿ. ಪವನಜ ಶುರು ಮಾಡಿದ್ದು 1996ರಲ್ಲಿ. ಒಳಗೆಲ್ಲ ಕನ್ನಡ, ಆದರೆ ಬಾಗಿಲ ಮೇಲಿನ ವಿಳಾಸ ಇಂಗ್ಲಿಷ್ ಅಕ್ಷರದಲ್ಲಿ. ಬೇರೆ ದಾರಿ ಇರಲಿಲ್ಲ. 2010ರ ತನಕ ಬಾಲದ ಹೆಸರು ಇಂಗ್ಲಿಷ್ ಲಿಪಿಯಲ್ಲೇ ಇರಬೇಕಿತ್ತು. ಆ ವರ್ಷ ಅರಬ್ಬಿ ಲಿಪಿಯ ಹೆಸರುಗಳು ಮೊದಲು ಬಂದವು. 2011ರಲ್ಲಿ ಭಾರತದ ಏಳು ಲಿಪಿ-ಭಾಷೆಗಳ ಹೆಸರು ಬೇರಿಗೆ ಸೇರಿದವು: ದೇವನಾಗರಿ, ಬಂಗಾಳಿ, ಗುಜರಾತಿ, ಗುರುಮುಖಿ, ತಮಿಳು, ತೆಲುಗು, ಉರ್ದು. ಕನ್ನಡ ಇರಲಿಲ್ಲ. ಮಲಯಾಳ, ಒಡಿಯಾ, ಅಸ್ಸಾಮಿಯೂ ಇರಲಿಲ್ಲ. ಕನ್ನಡದ 'ಡಾಟ್ ಭಾರತ' ಬೇರಿನಲ್ಲಿ ಹೆಸರು ಹಚ್ಚಿಸಿಕೊಂಡದ್ದು 2017ರಲ್ಲಿ. ಆಂಧ್ರದವರಿಗಿಂತ ಆರು ವರ್ಷ ತಡ. ಈ ಆರು ವರ್ಷದಲ್ಲಿ ಕರ್ನಾಟಕದಿಂದ ಒಂದು ಚಳವಳಿಯೂ ಆದದ್ದು ನಮ್ಮ ನೆನಪಿನಲ್ಲಿಲ್ಲ. ಹೋಟೆಲಿನ ಬೋರ್ಡಿನಲ್ಲಿ ಕನ್ನಡ ಚಿಕ್ಕದಾಯ್ತು ಎಂದು ಬೀದಿಗಿಳಿಯುವ ನಾಡು ನಮ್ಮದು. ಈ ಬೋರ್ಡು ಕಣ್ಣಿಗೆ ಬೀಳುವಂಥದ್ದಲ್ಲ, ಅದಕ್ಕೇ ಇರಬೇಕು.

ಹೆಸರು ಸೇರಿದ ಮೇಲೆ ನಿಯಮ ಬೇಕಲ್ಲ? ಯಾವ ಅಕ್ಷರ ಬಳಸಬಹುದು, ಯಾವುದರ ನಂತರ ಯಾವುದು ಬರಬಹುದು ಎಂದು ಬಾಲದ ಹೆಸರುಗಳಿಗೆ ಒಂದು ವ್ಯಾಕರಣ ಬರೆಯಲು ಕನ್ನಡವೂ ಸೇರಿ ಒಂಬತ್ತು ಲಿಪಿಗಳಿಗೆ ಒಂದು ತಜ್ಞರ ಸಮಿತಿ ಕೂತಿತು. ಮೇಲೆ ಹೇಳಿದ ಪವನಜ ಅವರೂ ಕನ್ನಡದ ಪರವಾಗಿ ಅದರಲ್ಲಿದ್ದರು. ಅವರ ಕೆಲಸಕ್ಕೆ ನಾವು ಕೈ ಮುಗಿಯುತ್ತೇವೆ. ನಮ್ಮ ಲಿಪಿಗೂ ತೆಲುಗಿಗೂ ಇರುವ ಹೋಲಿಕೆಯನ್ನೇ ನೋಡಿ. ಅ, ಜ, ಬ, ಲ ಬರೆದರೆ ಬಳ್ಳಾರಿ, ರಾಯಚೂರು ಗಡಿಯಲ್ಲಿ ಎರಡೂ ಭಾಷೆಯವರು ತಮ್ಮದೇ ಎಂದು ಓದುತ್ತಾರೆ. ಕಂಪ್ಯೂಟರಿಗೆ ಅವು ಬೇರೆ ಬೇರೆ ಅಕ್ಷರ. ಕನ್ನಡದಲ್ಲಿ ಒಂದು ಹೆಸರು, ಕಣ್ಣಿಗೆ ಅದೇ ಥರ ಕಾಣುವ ತೆಲುಗಿನ ಇನ್ನೊಂದು ಹೆಸರು, ಎರಡೂ ಇಬ್ಬರು ಬೇರೆ ಬೇರೆ ಜನರ ಕೈಗೆ ಹೋದರೆ ಮೋಸಕ್ಕೆ ಹೆದ್ದಾರಿ ಹಾಕಿಕೊಟ್ಟಂತೆ. ಒಂದು ಸಿಕ್ಕರೆ ಅದರ ಜೋಡಿ ತಡೆಹಿಡಿಯಬೇಕು ಎಂದು ಸಮಿತಿ ಬರೆಯಿತು. ಹಳ್ಳಿಯ ಫೋನುಗಳಿಗೆ ಬಹಳ ಬೇಕಾದ ಕಾವಲು ಇದು.

ಅದೇ ನಿಯಮಾವಳಿಯಲ್ಲಿ ನಮಗೆ ಚುಚ್ಚುವ ಒಂದು ಮಾತೂ ಇದೆ. 'ಜನ್‌ಧನ್' ಎಂದು ಕನ್ನಡದಲ್ಲಿ ಬರೆಯುವಾಗ ನ್ ಮತ್ತು ಧ ಬಿಡಿಬಿಡಿಯಾಗಿ ನಿಲ್ಲಲು ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಬೇಕು. ಅದಿಲ್ಲದಿದ್ದರೆ 'ಜನ್ಧನ್' ಎಂದು ಒತ್ತಕ್ಷರವಾಗುತ್ತದೆ. 'ರಾಜ್‌ಕುಮಾರ್' ಹೋಗಿ 'ರಾಜ್ಕುಮಾರ್' ಆಗುತ್ತದೆ. ಬಾಲದ ಹೆಸರಿನಲ್ಲಿ ಆ ಕಾಣದ ಗುರುತಿಗೆ ಅವಕಾಶವಿಲ್ಲ. ಕಾಣದ್ದನ್ನು ಬಿಟ್ಟರೆ ಅದರ ಹಿಂದೆ ಕಳ್ಳನೂ ಬರುತ್ತಾನೆ ಎಂಬುದು ತರ್ಕ. ತರ್ಕ ಸರಿ ಇರಬಹುದು. ಆದರೆ ನಿಮ್ಮ ಹೆಸರನ್ನು ನೀವು ಬರೆಯುವ ಹಾಗೆ ಬರೆಯಲು ಬರುವುದಿಲ್ಲ ಎನ್ನುವಾಗ ನಿಮ್ಮನ್ನು ಒಂದು ಮಾತು ಕೇಳಬೇಕಿತ್ತಲ್ಲ? ಕೇಳಿದ್ದರು, ಅದೇ ತಮಾಷೆ. 2018ರಲ್ಲಿ ಕನ್ನಡದ ಕರಡನ್ನು ಎಲ್ಲರ ಅಭಿಪ್ರಾಯಕ್ಕೆ ತೆರೆದಿಟ್ಟಿದ್ದರು. ಇಂಗ್ಲಿಷಿನಲ್ಲಿ. ತುಳು, ಕೊಡವ, ಬ್ಯಾರಿ, ಕೊಂಕಣಿಯನ್ನು ಇದೇ ಲಿಪಿಯಲ್ಲಿ ಬರೆಯುವವರಿಗೂ ಅದೇ ಕಿಟಕಿ. 2019ರ ಜುಲೈನಲ್ಲಿ ನಿಯಮ ಬೇರಿನ ಪುಸ್ತಕಕ್ಕೆ ಸೇರಿತು. ನಮ್ಮ ಲಿಪಿಯ ನಿಯಮವನ್ನು ನಮ್ಮ ಭಾಷೆಯಲ್ಲಿ ಓದುವ ಅವಕಾಶ ನಮಗೆ ಬರಲಿಲ್ಲ. ಐಕ್ಯಾನ್ ಸಭೆಗಳಲ್ಲಿ ಅನುವಾದ ಸಿಗುವುದು ವಿಶ್ವಸಂಸ್ಥೆಯ ಆರು ಭಾಷೆಗಳಿಗೆ. ಅದರಲ್ಲಿ ಹಿಂದಿಯೇ ಇಲ್ಲ, ಕನ್ನಡದ ಮಾತೆಲ್ಲಿ!

ಇಷ್ಟಾಗಿ, 'ಡಾಟ್ ಭಾರತ' ಬಳಸಿದ ವಿಳಾಸವನ್ನು ಎಷ್ಟೋ ಅರ್ಜಿ ನಮೂನೆಗಳು ಇವತ್ತಿಗೂ ಒಪ್ಪುವುದಿಲ್ಲ. ಕನ್ನಡದಲ್ಲಿ ಇಮೇಲ್ ಹಾಕಿದರೆ ಕೆಂಪು ಅಕ್ಷರದಲ್ಲಿ 'ಸರಿಯಾದ ವಿಳಾಸ ನಮೂದಿಸಿ' ಎನ್ನುತ್ತವೆ. ಕೆಲವು ಕಡೆ ಕನ್ನಡ ಹೆಸರಿನ ಬದಲು ಎಕ್ಸ್, ಎನ್, ಎರಡು ಅಡ್ಡಗೆರೆ, ಆಮೇಲೆ ಅರ್ಥವಿಲ್ಲದ ಅಕ್ಷರಗಳ ಸಾಲು ಕಾಣುತ್ತದೆ. ಅದು ಯಂತ್ರ ತನಗಾಗಿ ಬರೆದುಕೊಂಡ ಹೆಸರು, ಹೆದರಬೇಡಿ. ರಾಜಸ್ಥಾನ ಸರ್ಕಾರ 2017ರಲ್ಲೇ ತನ್ನ ಜನರಿಗೆ ಹಿಂದಿಯಲ್ಲಿ ಇಮೇಲ್ ವಿಳಾಸ ಕೊಡಲು ಶುರು ಮಾಡಿತು. ಕನ್ನಡದಲ್ಲಿ ಇಮೇಲ್ ವಿಳಾಸ ಇರುವ ಒಬ್ಬ ರೈತರನ್ನೂ ನಾವು ಇನ್ನೂ ಕಂಡಿಲ್ಲ. ಇದ್ದರೆ ದಯವಿಟ್ಟು ಬರೆಯಿರಿ, ನಿಮ್ಮ ಸಂದರ್ಶನ ಮಾಡುತ್ತೇವೆ.

ಲಿಪಿ ಬಿಟ್ಟು ಹೊಟ್ಟೆಪಾಡಿಗೆ ಬಂದರೂ ಇದೇ ಕಥೆ. ಧಾರವಾಡ ಪೇಡೆ, ನವಲಗುಂದದ ಜಮಖಾನ, ಬ್ಯಾಡಗಿ ಮೆಣಸಿನಕಾಯಿ, ಇಳಕಲ್ ಸೀರೆ, ಈ ಹೆಸರುಗಳಿಗೆ ಜಿಐ ಮಾನ್ಯತೆ ಇದೆ. ಬೇರೆ ಊರಿನವರು ಇನ್ಯಾವುದೋ ಜಮಖಾನಕ್ಕೆ ನವಲಗುಂದದ ಹೆಸರು ಹಚ್ಚುವಂತಿಲ್ಲ. ಅಂಗಡಿಯಲ್ಲಿ ಈ ಕಾಯ್ದೆ ನಡೆಯುತ್ತದೆ. ವೆಬ್ ವಿಳಾಸದಲ್ಲಿ? ಡಾಟ್ ಕಾಮ್ ಥರದ ಹೆಸರುಗಳ ಜಗಳ ಬಿಡಿಸುವ ಐಕ್ಯಾನ್ ನಿಯಮ ಟ್ರೇಡ್‌ಮಾರ್ಕ್ ಇರುವವರಿಗೆ ಮಾತ್ರ. ಒಬ್ಬ ವ್ಯಾಪಾರಿಯ ಮುದ್ರೆಗೆ ರಕ್ಷಣೆ ಇದೆ, ಒಂದು ಊರಿನವರೆಲ್ಲ ಸೇರಿ ಬೆಳೆಸಿದ ಹೆಸರಿಗೆ ಇಲ್ಲ. ಫ್ರಾನ್ಸಿನ ಶಾಂಪೇನ್ ಬೆಳೆಗಾರರ ಒಕ್ಕೂಟದಂಥ ದುಡ್ಡಿದ್ದವರೇ 2011ರಲ್ಲಿ 'ಶಾಂಪೇನ್ ಡಾಟ್ ಸಿಒ' ಎಂಬ ಹೆಸರಿಗಾಗಿ ದೂರು ಕೊಟ್ಟು ಸೋತರು. ಹಾಗಿದ್ದ ಮೇಲೆ ಮನೆಯೊಳಗೆ ಮಗ್ಗದ ಮುಂದೆ ಕೂತು ಜಮಖಾನ ನೇಯುವ ನವಲಗುಂದದ ಹೆಣ್ಣುಮಕ್ಕಳ ಹೆಸರನ್ನು ಯಾರೋ ವಿಳಾಸ ಮಾಡಿಕೊಂಡರೆ ಅವರು ಯಾರ ಬಾಗಿಲು ತಟ್ಟಬೇಕು? ನಮ್ಮ ಡಾಟ್ ಇನ್ ನಿಯಮ ಸ್ವಲ್ಪ ವಾಸಿ. ಟ್ರೇಡ್‌ಮಾರ್ಕ್ ಜೊತೆಗೆ 'ಹೆಸರು' ಎಂಬ ಪದವನ್ನೂ ಸೇರಿಸಿಕೊಂಡಿದೆ, ವಾದ ಮಾಡಲು ಜಾಗವಿದೆ. ಐಕ್ಯಾನ್ ನಿಯಮ ಬರೆಯುವಾಗ ಟ್ರೇಡ್‌ಮಾರ್ಕ್ ಇರುವ ಕಂಪನಿಗಳ ವಕೀಲರು ಸಾಲಾಗಿ ಕೂತಿದ್ದರು. ನೇಕಾರರ ಕಡೆಯವರ ಕುರ್ಚಿ ಹಾಕಿರಲಿಲ್ಲ. ನಿಯಮ ಹಾಗೆ ಬಂದದ್ದರಲ್ಲಿ ಆಶ್ಚರ್ಯವೇನಿದೆ?

ಕ್ಯಾಲಿಫೋರ್ನಿಯಾ ದೂರ ಎಂದು ಬಿಡೋಣ. ದೆಹಲಿ ಹತ್ತಿರ ತಾನೆ? ಡಾಟ್ ಇನ್, ಡಾಟ್ ಭಾರತ ಎರಡೂ ನಿಕ್ಸಿ ಕೈಯಲ್ಲಿವೆ. ಹೆಸರು ಹಿಡಿದ ಪ್ರತಿಯೊಬ್ಬರ ಬಾಡಿಗೆಯಲ್ಲೂ ಅದಕ್ಕೆ ಪಾಲು ಹೋಗುತ್ತದೆ. ಆದರೆ ಹಾಗೆ ಬಾಡಿಗೆ ಕಟ್ಟುವವರು ಓಟು ಹಾಕಿ ಆರಿಸಿದ ಒಬ್ಬ ನಿರ್ದೇಶಕರೂ ಅಲ್ಲಿ ಇಲ್ಲ. ಹೀಗೇ ಇರಬೇಕೆಂಬ ದೇವರ ಆಜ್ಞೆಯೇನೂ ಇಲ್ಲ. ಕೆನಡಾದ ಡಾಟ್ ಸಿಎ ನಡೆಸುವ ಸಂಸ್ಥೆಯಲ್ಲಿ ಆ ಹೆಸರು ಹಿಡಿದ ಯಾರಾದರೂ ಪುಕ್ಕಟೆ ಸದಸ್ಯರಾಗಬಹುದು, ಮನೆಯಲ್ಲೇ ಕೂತು ಆಡಳಿತ ಮಂಡಳಿಗೆ ಓಟು ಹಾಕಬಹುದು. ನಮ್ಮ ಕಡೆಯ ಹಾಲಿನ ಸಂಘ, ಪತ್ತಿನ ಸಂಘ ನಡೆಯುವುದೂ ಹೀಗೇ. ಹಾಲು ಹಾಕುವವರಿಗೆ ಓಟು ಇದೆ. ಡಾಟ್ ಇನ್ನಿಗೂ ಹಾಗೇ ಬೇಕು. ಎರಡು ಸೀಟು ಸಾಕು, ಒಂದು ಹೆಸರು ಹಿಡಿದವರಿಂದ, ಇನ್ನೊಂದು ಭಾರತೀಯ ಭಾಷೆಗಳಲ್ಲಿ ಹೆಸರು ಹಿಡಿದವರಿಂದ. ನಿಕ್ಸಿ 2021ರಲ್ಲಿ ಡಾಟ್ ಇನ್ ಕೊಂಡವರಿಗೆ ಭಾರತೀಯ ಭಾಷೆಯ ಒಂದು ಹೆಸರು ಉಚಿತ ಎಂದು ಸಾರಿತ್ತು. ಉಚಿತವಾಗಿ ಕೊಟ್ಟದ್ದಕ್ಕೆ ಧನ್ಯವಾದ. ಅದರ ಜೊತೆಗೆ ಒಂದು ಓಟೂ ಬರಲಿ.

ಓಟಿನ ಮಾತು ಯಾಕೆ ತುರ್ತಿನದು ಎಂದರೆ, ಹೊಸ ಬಾಲದ ಹೆಸರುಗಳಿಗೆ ಐಕ್ಯಾನ್ 2012ರ ನಂತರ ಮತ್ತೆ ಅರ್ಜಿ ಕರೆದಿರುವುದು 2026ರ ಸುತ್ತಿನಲ್ಲಿ. ಶುಲ್ಕ 2,27,000 ಡಾಲರ್, ನಮ್ಮ ಲೆಕ್ಕದಲ್ಲಿ ಸುಮಾರು ಎರಡು ಕೋಟಿ ರೂಪಾಯಿ. ಅಷ್ಟು ರೊಕ್ಕ ಇದ್ದವರು 'ಡಾಟ್ ಕನ್ನಡ' ಕೇಳಬಹುದು. 'ಕರ್ನಾಟಕ' ಎಂದು ಕೇಳಿದರೆ ಸರ್ಕಾರದ ಒಪ್ಪಿಗೆ ಪತ್ರ ಬೇಕು, ರಾಜ್ಯಗಳ ಹೆಸರಿಗೆ ಆ ಕಾವಲಿದೆ. ಭಾಷೆಯ ಹೆಸರಿಗೆ ಅಂಥ ಕಡ್ಡಾಯ ಇಲ್ಲ. ಸಮುದಾಯದವರು ಆಕ್ಷೇಪಣೆ ಸಲ್ಲಿಸಬಹುದು, ಅದೂ ದುಡ್ಡು ಕಟ್ಟಿ, ವಕೀಲರನ್ನಿಟ್ಟು. ಸ್ಪೇನಿನ ಕ್ಯಾಟಲಾನ್ ಭಾಷಿಕರು ಇದನ್ನು ಬಹಳ ಮೊದಲೇ ಅರಿತರು. ಸಾವಿರಾರು ಬಿಡಿ ಜನರ ಬೆಂಬಲ, ನೂರಾರು ಸಂಘಗಳ ಬೆನ್ನು, ಎಲ್ಲ ಸೇರಿಸಿ 2005ರಲ್ಲಿ 'ಡಾಟ್ ಕ್ಯಾಟ್' ಪಡೆದರು. ತಮ್ಮ ಭಾಷೆಗಾಗಿಯೇ, ತಮ್ಮದೇ ಸಂಸ್ಥೆಯ ಕೈಯಲ್ಲಿ. ಬಾಸ್ಕ್, ಬ್ರೆಟನ್, ಗಲೀಷಿಯನ್ ಭಾಷಿಕರು ಅವರ ಹಿಂದೆ ಬಂದರು. ಇವೆಲ್ಲ ಕನ್ನಡಕ್ಕಿಂತ ಕಡಿಮೆ ಜನ ಆಡುವ ಭಾಷೆಗಳು. ಕನ್ನಡ ಅಭಿವೃದ್ಧಿ ಪ್ರಾಧಿಕಾರ, ವಿಶ್ವವಿದ್ಯಾಲಯಗಳು, ಸಾಹಿತ್ಯ ಪರಿಷತ್ತು ಒಂದು ಮೇಜಿನ ಸುತ್ತ ಕೂತು 'ಡಾಟ್ ಕನ್ನಡ ಯಾರ ಕೈಗೆ ಹೋಗಬೇಕು' ಎಂದು ಚರ್ಚಿಸಲಿ. ಬೇಡ ಎಂದೇ ತೀರ್ಮಾನಿಸಿದರೂ ಸರಿ, ತೀರ್ಮಾನ ಮಾಡಿದವರು ನಾವಾಗಿರುತ್ತೇವೆ.

ಬಿಡಿ ಮನುಷ್ಯರಾಗಿ ನೀವು ಇವತ್ತೇ ಮಾಡಬಹುದಾದದ್ದೂ ಇದೆ. ಏಷ್ಯಾ-ಪೆಸಿಫಿಕ್ ಬಳಕೆದಾರರ ಸಂಘಕ್ಕೆ ಸಂಸ್ಥೆಯ ಹಂಗಿಲ್ಲದೆ ಒಬ್ಬೊಬ್ಬರಾಗಿಯೂ ಸದಸ್ಯರಾಗಬಹುದು, ಶುಲ್ಕವಿಲ್ಲ. ಐಕ್ಯಾನ್ ಸಭೆಗಳಿಗೂ ಪ್ರವೇಶ ಪುಕ್ಕಟೆ, ಫೋನಿನಲ್ಲೂ ಕೂರಬಹುದು. 2016ರ ನವೆಂಬರ್‌ನಲ್ಲಿ ಹೈದರಾಬಾದಿನಲ್ಲಿ ಸಭೆ ನಡೆದಾಗ ಮೂರು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಹುಬ್ಬಳ್ಳಿಯಿಂದ ಒಂದು ರಾತ್ರಿಯ ಪ್ರಯಾಣ, ಆದರೂ ಸುದ್ದಿ ನಮ್ಮ ಹಳ್ಳಿಗಳಿಗೆ ಮುಟ್ಟಲಿಲ್ಲ. ಓದುತ್ತಿರುವ ಹುಡುಗ-ಹುಡುಗಿಯರಿಗೆ 18ರಿಂದ 30 ವಯಸ್ಸಿನವರಿಗಾಗಿಯೇ ಪ್ರಯಾಣದ ಖರ್ಚು ಕೊಡುವ ಕಾರ್ಯಕ್ರಮವಿದೆ. ಕರ್ನಾಟಕ ವಿಶ್ವವಿದ್ಯಾಲಯದ, ಬಿವಿಬಿ ಕ್ಯಾಂಪಸ್ಸಿನ ನಮ್ಮ ತಮ್ಮ-ತಂಗಿಯರು ಅದನ್ನು ನೋಡಬೇಕು. ಕೃಷಿ ವಿಶ್ವವಿದ್ಯಾಲಯದವರು, ಜಮಖಾನದ ಸಂಘದವರು, ಸ್ತ್ರೀಶಕ್ತಿ ಗುಂಪಿನ ಅಕ್ಕಂದಿರು ಹೋದರೆ ಇನ್ನೂ ಒಳ್ಳೆಯದು. ಅಲ್ಲಿ ಕಂಪ್ಯೂಟರ್ ಓದಿದವರು ಈಗಾಗಲೇ ಬೇಕಾದಷ್ಟಿದ್ದಾರೆ.

ಸದಸ್ಯತ್ವದ ಅರ್ಜಿ ಇಂಗ್ಲಿಷಿನಲ್ಲಿದೆ. ನಾವು ಅದರ ಕನ್ನಡ ಅನುವಾದ ಮಾಡಿ ಇಟ್ಟಿದ್ದೇವೆ, ಕೇಳಿದವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತೇವೆ. ನಿಕ್ಸಿಗೆ ಬರೆದ ಎರಡು ಸೀಟಿನ ಬೇಡಿಕೆ ಪತ್ರವೂ ಜೊತೆಗಿದೆ. ಸಹಿ ಹಾಕುವ ಮುಂಚೆ ಪೂರ್ತಿ ಓದಿ, ಒಪ್ಪದ ಸಾಲು ಇದ್ದರೆ ಹೊಡೆದುಹಾಕಿ ಬದಲಿ ಸಾಲು ಬರೆಯಿರಿ. ಮುಂದಿನ ಭಾನುವಾರ ಸಂತೆಗೆ ಹುಬ್ಬಳ್ಳಿಗೆ ಬರುವವರು ಸಂಜೆ ನಾಲ್ಕರ ಮೇಲೆ ವಿದ್ಯಾನಗರದ ನಮ್ಮ ಕೋಣೆಗೆ ಬಂದರೆ ಕೂತು ತುಂಬೋಣ. ಕಾಕಾ, ನೀವೂ ಬರ್ರಿ, ನಳದ ನೀರಿನ ಅರ್ಜಿನೂ ಅಲ್ಲೇ ಬರೆಯೋಣ.